ಐದನೆಯ ನೆಲ

ಕಳೆದ ತಿಂಗಳು ಸಬ್‌ಸ್ಟೇಷನ್ನಿನ ಹಳೆಯ ಕಬ್ಬಿಣದ ಬೀರು ಖಾಲಿ ಮಾಡುವಾಗ ಕೆಳಗಿನ ಅರೆಯಲ್ಲಿ ಒಂದು ಜೊತೆ ರಬ್ಬರ್ ಗ್ಲೌಸ್ ಸಿಕ್ಕಿತು. ಮೊಣಕೈವರೆಗೆ ಬರುವಂಥದ್ದು, ಇಟ್ಟಿಗೆ ಬಣ್ಣದ್ದು. ಒಣಗಿ, ಸುಕ್ಕಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಗುಜರಿಯ ಮೂಟೆಗೆ ಹಾಕುವ ಮುಂಚೆ ಯಾಕೋ ಗೊತ್ತಿಲ್ಲ, ಒಂದರ ಬಾಯಿ ಬಿಡಿಸಿ ಮೂಗಿನ ಹತ್ತಿರ ತಂದೆ. ರಬ್ಬರಿನ ನಾತದ ಕೆಳಗೆ ಸಣ್ಣಗೆ ಪೌಡರಿನ ವಾಸನೆ. ಮುಖಕ್ಕೆ ಹಚ್ಚಿಕೊಳ್ಳುವ, ಅಂಗಡಿಯ ಮಾಮೂಲಿ ಪೌಡರು. ಇಷ್ಟು ವರ್ಷವಾದರೂ ಹೋಗಿರಲಿಲ್ಲ... ನಾನು ಬೀರುವಿನ ಮುಂದೆಯೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಜೊತೆಯಲ್ಲಿದ್ದವರು ಸೊಂಟ ಹಿಡಿಯಿತೇ ಎಂದು ಕೇಳಿದರು. ಹೂಂ ಅಂದೆ.

ಆ ಪೌಡರ್ ಹಾಕುತ್ತಿದ್ದವರು ನಮ್ಮ ಸೆಕ್ಷನ್ನಿನ ಜೆಇ ಸಾಹೇಬರು. ಜೂನಿಯರ್ ಇಂಜಿನಿಯರ್ ಎಂದರೆ ಸಣ್ಣ ಹುದ್ದೆಯಲ್ಲ. ಲೈನ್‌ಮನ್‌ಗಳು, ಕಂಬಗಳು, ಟ್ರಾನ್ಸ್‌ಫಾರ್ಮರ್‌ಗಳು, ಜೊತೆಗೆ ಊರಿನವರ ಬೈಗುಳ, ಎಲ್ಲವೂ ಅವರ ಸುಪರ್ದಿಗೆ. ನಾನು ಅದೇ ಸೆಕ್ಷನ್ನಿಗೆ ಕರೆಂಟು ಬಿಡುವ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಕುಂದೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಬಾಳ್ಳುಪೇಟೆಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಡ್ಯೂಟಿಗೆ ಹೋಗುತ್ತಿದ್ದೆ. ಆಗಲೂ ಆಪರೇಟರ್, ಈಗಲೂ ಆಪರೇಟರ್. ಮೇಲಕ್ಕೆ ಹೋಗದಿದ್ದಕ್ಕೆ ನನ್ನ ಬಾಯಿಯೇ ಕಾರಣ ಎಂದು ಮನೆಯಲ್ಲಿ ಹೇಳುತ್ತಾರೆ. ಅದರಲ್ಲಿ ಅರ್ಧ ನಿಜ.

ಇತ್ತೀಚೆಗೆ ಹಾಸನದಲ್ಲಿ ನಮಗೆಲ್ಲ ಒಂದು ದಿನದ ತರಬೇತಿ ಇತ್ತು. ಎ.ಸಿ. ಹಾಲ್, ಟೇಬಲ್ ಮೇಲೆ ನೀರಿನ ಬಾಟಲಿ, ಗೋಡೆಯ ಮೇಲೆ ಚಿತ್ರ. ಪಾಠ ಹೇಳುವವರು ಒಂದು ತ್ರಿಕೋನವನ್ನು ತಲೆಕೆಳಗು ಮಾಡಿ ತೋರಿಸಿ, ‘ಸೇವಕ ನಾಯಕತ್ವ’, ‘ಹಂಚಿಕೊಂಡ ನಾಯಕತ್ವ’ ಎಂದು ವಿವರಿಸಿದರು. ಇದು ಈ ಕಾಲದ ಕಚೇರಿಗಳಿಗೆ ಬಂದಿರುವ ಹೊಸ ವಿಚಾರವಂತೆ. ನಿಮ್ಮ ಅನುಭವದಲ್ಲಿ ಇಂಥವರು ಯಾರಾದರೂ ಇದ್ದರೆ ಹೇಳಿ ಎಂದರು. ಯಾರೂ ಕೈ ಎತ್ತಲಿಲ್ಲ. ಎಲ್ಲಿ ಬೇಕಾದರೂ ಮಾತಾಡುವ ನಾನೂ ಬಾಯಿ ಬಿಡಲಿಲ್ಲ. ಹೇಳಲು ಹೊರಟರೆ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡಬೇಕಿತ್ತು. ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಮೊದಲು ನನಗೆ ಆ ಸಾಹೇಬರನ್ನು ಕಂಡರೆ ಆಗುತ್ತಿರಲಿಲ್ಲ. ಸಾಹೇಬ ಎಂದರೆ ಸಾಹೇಬನ ಹಾಗಿರಬೇಕು ಎಂದು ನಂಬಿದ್ದವಳು ನಾನು. ಇವರು ನೋಡಿದರೆ ಜೀಪಿನ ಮುಂದಿನ ಸೀಟನ್ನು ಹಿರಿಯ ಲೈನ್‌ಮನ್ ಮಂಜಣ್ಣನಿಗೆ ಬಿಟ್ಟುಕೊಟ್ಟು, ತಾವು ಹಿಂದೆ ಹಗ್ಗ ಏಣಿಗಳ ನಡುವೆ ಮುದುರಿಕೊಂಡು ಕೂರುತ್ತಿದ್ದರು. ಯಾಕೆ ಸರ್ ಎಂದರೆ, ಮಂಜಣ್ಣನ ಕಾಲು ಉದ್ದ, ಹಿಂದೆ ಹಿಡಿಸಲ್ಲ ಎನ್ನುವರು. ಒಂದು ಕೆಲಸ ಹೇಳುವ ಮುಂಚೆ ‘ನಿಂಗೇನನ್ಸುತ್ತೆ?’ ಎಂದು ಎಲ್ಲರನ್ನೂ ಕೇಳುವರು. ನನಗೆ ಅದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಕಾಣುತ್ತಿತ್ತು. ಹೇಳಬೇಕಾದವರೇ ಕೇಳಿದರೆ ಕೇಳಬೇಕಾದವರು ಏನು ಮಾಡಬೇಕು?

ಬೆಳಿಗ್ಗೆ ಗ್ಯಾಂಗಿನವರೆಲ್ಲ ನಮ್ಮ ಅಂಗಳಕ್ಕೇ ಬಂದು ಸೇರುತ್ತಿದ್ದರು: ಮಂಜಣ್ಣ, ಇನ್ನಿಬ್ಬರು ಲೈನ್‌ಮನ್‌ಗಳು, ಸಕಲೇಶಪುರದ ಜೀಪ್ ಡ್ರೈವರ್ ರಫೀಕ್. ಸಾಹೇಬರು ಜಗುಲಿಯ ಮೇಲೆ ಕೂತು ಒಬ್ಬೊಬ್ಬರ ಗ್ಲೌಸನ್ನೂ ಕೈಗೆ ತೆಗೆದುಕೊಳ್ಳುವರು. ಬಾಯಿಯ ಕಡೆಯಿಂದ ಸುರುಳಿ ಸುತ್ತುತ್ತ ಬಂದರೆ ಒಳಗಿನ ಗಾಳಿ ಬೆರಳುಗಳಿಗೆ ತುಂಬಿ ಉಬ್ಬುತ್ತದೆ. ಆ ಉಬ್ಬಿದ ಬೆರಳುಗಳನ್ನು ತಮ್ಮ ಕೆನ್ನೆಗೆ ತಾಗಿಸಿ ಹಿಡಿಯುವರು. ಸೂಜಿಮೊನೆಯಷ್ಟು ತೂತಿದ್ದರೂ ಕೆನ್ನೆಗೆ ಗಾಳಿ ತಿಳಿಯುತ್ತದೆ, ತಿಳಿದರೆ ಆ ಗ್ಲೌಸ್ ಅಲ್ಲಿಗೇ ಕಸ. ಸರಿಯಿದ್ದರೆ ಒಳಗೆ ಪೌಡರ್ ಉದುರಿಸುವರು, ಬೆವರಿಗೆ ಕೈ ಅಂಟಬಾರದೆಂದು. ಪೌಡರಿನ ಡಬ್ಬಿ ಅವರ ಮನೆಯದ್ದೇ.

“ಎಲ್ಲಾ ಕಡೆ ಆಳು ಗೌಡ್ರ ಚಪ್ಲಿ ಕಾಯ್ತಾನೆ. ಇಲ್ಲಿ ಗೌಡ್ರೇ ಆಳಿನ್ ಗ್ಲೌಸ್ ಕಾಯ್ತವ್ರೆ ಮಾರಾಯ!” ಎಂದು ಮಂಜಣ್ಣ ಅವರೆದುರಿಗೇ ಗೇಲಿ ಮಾಡುತ್ತಿದ್ದರು. ಸಾಹೇಬರು ಕೆನ್ನೆಗೆ ಮೆತ್ತಿದ ಪೌಡರನ್ನೂ ಒರೆಸಿಕೊಳ್ಳದೆ ನಗುವರು. ನಾನು ಕಂಟ್ರೋಲ್ ರೂಮಿನ ಕಿಟಕಿಯಿಂದ ನೋಡಿ, ಈ ಮನುಷ್ಯನಿಗೆ ಮರ್ಯಾದೆಯೇ ಬೇಡವೇ ಎಂದು ಒಳಗೊಳಗೇ ಉರಿಯುತ್ತಿದ್ದೆ.

ಆಮೇಲೆ ಆ ಮಾರ್ಚ್ ತಿಂಗಳು ಬಂತು.

ಕಾಫಿ ಸೀಮೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ಎಸ್ಟೇಟಿನವರು ಸ್ಪ್ರಿಂಕ್ಲರ್ ಹಾಕಿ ಗಿಡಕ್ಕೆ ನೀರು ಕೊಟ್ಟು ಹೂ ಬಿಡಿಸುತ್ತಾರೆ. ಶುರು ಮಾಡಿದ ನೀರನ್ನು ನಡುವೆ ನಿಲ್ಲಿಸಿದರೆ ಮೊಗ್ಗು ಅರಳದೆ ಕೆಡುತ್ತದೆ. ಹಾಗಾಗಿ ಆ ದಿನಗಳಲ್ಲಿ ಕರೆಂಟು ಹೋಯಿತೆಂದರೆ ಸಬ್‌ಸ್ಟೇಷನ್ನಿನ ಫೋನು ಕೆಳಗಿಡುವಂತಿಲ್ಲ. ಒಬ್ಬರು ಬೇಡುತ್ತಾರೆ, ಒಬ್ಬರು ಬೈಯುತ್ತಾರೆ, ಇನ್ನೊಬ್ಬರು ತಮಗೆ ಯಾರ್ಯಾರು ಗೊತ್ತು ಎಂದು ಹೇಳುತ್ತಾರೆ.

ಆ ದಿನ ಬೆಳಿಗ್ಗೆ ಬಿರುಗಾಳಿಗೆ ಮೂರನೇ ಫೀಡರಿನ, ಎಂದರೆ ಸಬ್‌ಸ್ಟೇಷನ್ನಿನಿಂದ ಹೊರಡುವ ಮೂರನೇ ತಂತಿಸಾಲಿನ ಮೇಲೆ, ಹಾನುಬಾಳು ಕಡೆಯ ಒಂದು ಎಸ್ಟೇಟಿನಲ್ಲಿ, ದೊಡ್ಡ ಸಿಲ್ವರ್ ಓಕ್ ಮರವೊಂದು ಬಿತ್ತು. ಅರ್ಧ ತಂತಿಯ ಮೇಲೆ, ಅರ್ಧ ಕೂಲಿಯವರ ಮನೆಗಳ ಮೇಲೆ. ನಮ್ಮ ಗ್ಯಾಂಗು ಹೋಯಿತು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮಂಜಣ್ಣ ಎಸ್ಟೇಟ್ ಆಫೀಸಿನ ಫೋನಿನಿಂದಲೇ ನನಗೆ ಫೋನ್ ಮಾಡಿ ಲೈನ್ ಕ್ಲಿಯರ್ ತೆಗೆದುಕೊಂಡರು. ಲೈನ್ ಕ್ಲಿಯರ್ ಎಂದರೆ ನಾನು ಆ ಫೀಡರಿನ ಕರೆಂಟು ಕತ್ತರಿಸಿ, ತಂತಿಯನ್ನು ಭೂಮಿಗೆ ಜೋಡಿಸಿ, ಒಂದು ನಂಬರು ಕೊಡುವುದು. ಕೆಲಸ ಮುಗಿದ ಮೇಲೆ ತೆಗೆದುಕೊಂಡವರೇ ಆ ನಂಬರು ಹೇಳಿ ಹಿಂದಿರುಗಿಸಬೇಕು. ಅಲ್ಲಿಯವರೆಗೆ ಕರೆಂಟು ಬಿಡುವಂತಿಲ್ಲ. ಆ ನಂಬರಿನ ಮೇಲೆ ಕಂಬದ ಮೇಲಿನವನ ಜೀವ ನಿಂತಿರುತ್ತದೆ.

ಹನ್ನೊಂದೂವರೆ ಹೊತ್ತಿಗೆ ಅದೇ ಎಸ್ಟೇಟ್ ಆಫೀಸಿನ ನಂಬರಿನಿಂದ ಫೋನ್ ಬಂತು. ಗರಗರ ಸದ್ದಿನ ನಡುವೆ ಗಂಡಸಿನ ದನಿ.

“ಮೇಡಂ, ಲೈನ್ ಕ್ಲಿಯರ್ ಆಯ್ತು. ಕರೆಂಟ್ ಬುಡಿ.”

“ಪೂರ್ತಿ ಕ್ಲಿಯರಾ?”

“ಪೂರ್ತಿ ಕ್ಲಿಯರ್. ಯಾರೂ ಇಲ್ಲ. ಬೇಗ ಬುಡಿ ಮೇಡಂ, ಮೋಟ್ರು ಕಾಯ್ತಾ ಐತೆ.”

ಪೂರ್ತಿ ಕ್ಲಿಯರಾ ಎಂದು ಕೇಳಿದೆನಲ್ಲ, ಅಷ್ಟೇ ನನಗೆ ಸಾಕಾಗಿತ್ತು. ನಂಬರು ಕೇಳಲಿಲ್ಲ. ಅಷ್ಟರಲ್ಲಿ ಇಪ್ಪತ್ತು ಜನರ ಬೈಗುಳ ತಿಂದಿದ್ದೆ, ಕಿವಿ ಸುಡುತ್ತಿತ್ತು. ಭೂಮಿಯ ಜೋಡಣೆ ಬಿಡಿಸಿದೆ, ಕರೆಂಟು ಬಿಡುವ ಬ್ರೇಕರ್ ಹಾಕಿದೆ. ಹಾಕಿದ ಮರುಕ್ಷಣವೇ ಅದು ದಢ್ ಎಂದು ಟ್ರಿಪ್ ಆಯಿತು. ಪ್ಯಾನೆಲ್ಲಿನ ಕೆಂಪು ದೀಪ ನೋಡುತ್ತ ನಿಂತೆ. ರಿಜಿಸ್ಟರ್ ಎಳೆದು ನೋಡಿದೆ, ನಂಬರು ಹಿಂದಿರುಗಿದ್ದಕ್ಕೆ ಗುರುತು ಹಾಕುವ ಜಾಗ ಖಾಲಿಯಿತ್ತು. 

ಫೋನ್ ಬಂತು. ರಫೀಕ್. “ಅಕ್ಕಾ! ಏನ್ ಮಾಡ್ಬುಟ್ರಿ ಅಕ್ಕಾ! ಮಂಜಣ್ಣ ಕಂಬದ್ ಮೇಲವ್ರೆ!”

ಮೊದಲು ಫೋನ್ ಮಾಡಿದ್ದವನು ಎಸ್ಟೇಟಿನ ರೈಟರ್, ಆಳುಗಳ ಹಾಜರಿ ಬರೆಯುವವನು. ನಮ್ಮ ಎಸ್ಟೇಟುಗಳಲ್ಲಿ ಕೂಲಿಯವರ ಸಾಲುಮನೆಗೆ ‘ಲೈನ್’ ಎನ್ನುತ್ತಾರೆ. ಅವನು ಹೇಳಿದ್ದು ಆ ಲೈನಿನ ಮೇಲಿದ್ದ ಮರ ತೆಗೆದಾಯಿತು, ಮನೆಗಳಲ್ಲಿ ಯಾರೂ ಸಿಕ್ಕಿಕೊಂಡಿಲ್ಲ ಎಂದು. ನಾನು ಕೇಳಿಸಿಕೊಂಡದ್ದು ನನ್ನ ಲೈನು. ಅವನೂ ಸುಳ್ಳು ಹೇಳಲಿಲ್ಲ, ನನ್ನ ಕಿವಿಯೂ ಸುಳ್ಳು ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಒಂದು ಮಾತಿಗೆ ಒಬ್ಬ ಮನುಷ್ಯ ಸುಟ್ಟು ಕರಿಯಾಗಬೇಕಿತ್ತು.

ಮಂಜಣ್ಣನನ್ನು ಉಳಿಸಿದ್ದು ಒಂದು ಸರಪಳಿ. ಕೆಲಸಕ್ಕೆ ಮುಂಚೆ ಕಂಬದ ಹತ್ತಿರ ತಂತಿಗೆ ಸರಪಳಿ ಹಾಕಿ ಭೂಮಿಗೆ ಇಳಿಬಿಡಬೇಕು, ಯಾರಾದರೂ ತಪ್ಪಿ ಕರೆಂಟು ಬಿಟ್ಟರೂ ಅದು ನೆಲಕ್ಕೆ ಹೋಗುತ್ತದೆ. ತಡವಾಗುತ್ತದೆಂದು ಎಲ್ಲರೂ ತಪ್ಪಿಸುವ ಕೆಲಸ ಇದು. ಸಾಹೇಬರು ತಪ್ಪಿಸಲು ಬಿಡುತ್ತಿರಲಿಲ್ಲ, ಆ ಸರಪಳಿಯನ್ನು ತಾವೇ ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಆದರೂ ಸಿಡಿದ ಕಿಡಿಗೆ ಮಂಜಣ್ಣನ ಬಲಗೈ ಮೊಣಕೈವರೆಗೆ ಬೆಂದಿತು. ಬೆಲ್ಟಿಗೆ ಜೋತುಬಿದ್ದವರನ್ನು ಕೆಳಗಿಳಿಸಿ ಸಕಲೇಶಪುರದ ಆಸ್ಪತ್ರೆಗೆ ಸೇರಿಸಿದರು.

ಸಾಹೇಬರು ಸಬ್‌ಸ್ಟೇಷನ್ನಿಗೆ ಬಂದಾಗ ಮೂರು ಗಂಟೆ. ಷರ್ಟಿನ ತೋಳಿಗೆ ಮಸಿ ಹತ್ತಿತ್ತು. ನಾನು ಬರೆದಿಟ್ಟುಕೊಂಡಿದ್ದ ಕಾಗದವನ್ನು ಮುಂದೆ ಹಿಡಿದೆ: ತಪ್ಪು ಪೂರ್ತಿ ನನ್ನದೇ, ಏನು ಶಿಕ್ಷೆ ಕೊಟ್ಟರೂ ಒಪ್ಪುತ್ತೇನೆ. ಅವರು ಓದಿ ಮಡಚಿದರು. ರೈಟರ್ ಆಡಿದ ಮಾತನ್ನು ಇದ್ದ ಹಾಗೇ ಹೇಳಿಸಿದರು, ಎರಡು ಸಲ. ಆಮೇಲೆ ಹೇಳಿದರು:

“ನಂಬರ್ ಕೇಳ್ದೇ ಇದ್ದುದ್ದು ನಿನ್ ತಪ್ಪು. ಮನೆಗಳ ಮೇಲಿನ್ ಮರ ಎತ್ತುಸಕ್ಕೆ ಹೋಗಿ ಆಫೀಸಿನ್ ಫೋನ್ ಹತ್ರ ನಮ್ಮೋರು ಒಬ್ರನ್ನ ನಿಲ್ಸದೇ ಹೋದುದ್ದು ನನ್ ತಪ್ಪು. ಎರಡೂ ಬರಿ.”

“ಬೇಡಿ ಸರ್, ನಿಮ್ಮದು ಯಾಕೆ...”

“ನಿನ್ ತಪ್ಪು ನಿಂದು, ನನ್ ತಪ್ಪು ನಂದು ಕಣಮ್ಮ. ಒಬ್ಬರದ್ದುನ್ನ ಇನ್ನೊಬ್ರು ಹೊತ್ಕಂಡ್ರೆ ಮುಂದಿನ್ ಸಲಕ್ಕೆ ಇಬ್ರೂ ಮರ್ತೋಯ್ತೀವಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಲ್ಲವನ್ನೂ ತಮ್ಮ ತಲೆಗೆ ಹಾಕಿಕೊಂಡಿದ್ದರೆ ಕಾಲಿಗೆ ಬಿದ್ದು, ಒಂದು ವಾರ ಅತ್ತು, ಮರೆತೂ ಬಿಡುತ್ತಿದ್ದೆನೋ ಏನೋ. ಇಬ್ಬರಿಗೂ ಮೆಮೊ ಬಂತು. ನನ್ನ ಪಾಲಿನ ತಪ್ಪನ್ನು ನನ್ನ ಕೈಯಲ್ಲೇ ಕೊಟ್ಟು ಹೋದರು, ಅದು ಇಂದಿಗೂ ಅಲ್ಲೇ ಇದೆ.

ಮಂಜಣ್ಣ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಮರಳಿ ಬಂದ ದಿನ ಸಾಹೇಬರು ಎಲ್ಲರನ್ನೂ ಅಂಗಳದ ಹಲಸಿನ ಮರದ ಕೆಳಗೆ ಕೂರಿಸಿದರು. ನನ್ನನ್ನೂ. ಮಂಜಣ್ಣನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ, ನೆಲ ನೋಡುತ್ತ ಕೂತಿದ್ದೆ. ಇನ್ನು ಮುಂದೆ ಹೀಗಾಗದ ಹಾಗೆ ಏನು ಮಾಡಬೇಕು, ನೀವೇ ಹೇಳಿ ಎಂದು ಸಾಹೇಬರು ಕೇಳಿದರು.   ಉತ್ತರ ಬರುವವರೆಗೆ ಕಾದು ಕೂರುವುದು ಆ ಮನುಷ್ಯನಿಗೆ ಗೊತ್ತಿತ್ತು.

ಕೊನೆಗೆ ಮಂಜಣ್ಣನೇ ಬಾಯಿ ಬಿಟ್ಟರು. “ಈ ಲೈನು ಅನ್ನೋ ಮಾತೇ ಸರಿ ಇಲ್ಲ ಸಾಹೇಬ್ರೆ. ತಂತೀನೂ ಲೈನು, ಆಳ್ಗಳ ಮನೇನೂ ಲೈನು, ಪೋಲಿಗಳು ಬಸ್‌ಸ್ಟ್ಯಾಂಡಲ್ಲಿ ಹೊಡೆಯೋದೂ ಲೈನೇ. ಒಂದೇ ಅರ್ಥ ಇರೋ ಮಾತು ಇಟ್ಕಳಣ. ನೆಲ ಅನ್ನಣ. ನೆಲ ಅಂದ್ರೆ ಕಾಲು ನೆಲದ್ ಮೇಲೈತೆ ಅಂತ.”

ನಗು ಬಂತು ಎಲ್ಲರಿಗೂ, ನನಗೂ. ಆಮೇಲೆ ನಗು ನಿಂತಿತು. ಅದೇ ಸರಿ ಎಂದಾಯಿತು. ನಂಬರಿನ ಜೊತೆಗೆ, ಕೆಲಸಕ್ಕೆ ಹೋದ ಪ್ರತಿಯೊಬ್ಬರೂ ಫೋನಿನಲ್ಲಿ ತಮ್ಮ ಹೆಸರು ಹೇಳಿ ‘ನೆಲ’ ಅನ್ನಬೇಕು. ಕಂಬ ಹತ್ತದ ರಫೀಕನೂ ಸೇರಿ. “ನಾನು ಯಾವಾಗ್ಲೂ ನೆಲದ್ ಮೇಲೇ ಇರೋನು ಸಾರ್” ಎಂದ ಅವನು. ನೀನು ಹಗ್ಗ ಎಳಿತೀಯಲ್ಲ, ನಿಂದೂ ಬೇಕು ಎಂದರು ಸಾಹೇಬರು. ಆಮೇಲೆ ನನ್ನ ಕಡೆ ತಿರುಗಿದರು. “ನೀನೇನಂತೀಯಮ್ಮ? ಕೀಲಿ ಇರೋದು ನಿನ್ ಕೈಲಿ.”

ನಾನು ಎರಡು ಮಾತು ಸೇರಿಸಿದೆ. ಅವರವರ ನೆಲ ಅವರವರ ಬಾಯಿಂದಲೇ ಬರಬೇಕು, ಒಬ್ಬರ ಪರವಾಗಿ ಇನ್ನೊಬ್ಬರು ಹೇಳಿದರೆ ಒಪ್ಪುವುದಿಲ್ಲ. ಒಂದು ದನಿ ಕಡಿಮೆಯಾದರೂ ಕರೆಂಟು ಬಿಡುವುದಿಲ್ಲ, ಯಾರು ಹೇಳಿದರೂ.

“ನಾನ್ ಹೇಳಿದ್ರೂ?” ಎಂದರು ಸಾಹೇಬರು.

“ನೀವು ಹೇಳಿದರೂ. ನಿಮ್ಮದೂ ಒಂದು ನೆಲ, ಅಷ್ಟೆ.”

“ದೊಡ್ಡ ಸಾಹೇಬ್ರು ಹೇಳಿದ್ರೆ?” ಎಂದರು ಮಂಜಣ್ಣ. ಜೆಇಯ ಮೇಲಧಿಕಾರಿಗೆ ನಾವು ಹಾಗೆನ್ನುತ್ತಿದ್ದೆವು.

ಜೆಇ ಸಾಹೇಬರು ಸ್ವಲ್ಪ ಯೋಚನೆ ಮಾಡಿದರು. “ಅವ್ರೂ ಕಂಬ ಹತ್ತಿದ್ರೆ ಅವ್ರುದ್ದೂ ಒಂದು ನೆಲ.”

ಆವತ್ತಿನಿಂದ ನಮ್ಮಲ್ಲಿ ಐದು ನೆಲ. ನಮ್ಮ ಕಡೆ ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎನ್ನುತ್ತಾರೆ. ಇವರು ಆಳಾಗಿ ದುಡಿದು, ಆಳುಗಳ ಜೊತೆ ಕೂತೇ ಉಂಡರು. ಮೊದಲು ನನಗೆ ಹಗುರವಾಗಿ ಕಾಣುತ್ತಿದ್ದ ಮನುಷ್ಯ ನಿಧಾನವಾಗಿ ಬೇರೆ ಕಾಣತೊಡಗಿದರು.

ಮರುವರ್ಷದ ಮಾರ್ಚು. ಮತ್ತೆ ಹೂಮಳೆ ಕೈಕೊಟ್ಟಿತ್ತು, ಮತ್ತೆ ಮೂರನೇ ಫೀಡರ್. ಗುಡ್ಡದ ಮೇಲೆ ತಂತಿ ಕಡಿದಿದೆ ಎಂದು ಬೆಳಿಗ್ಗೆ ಹತ್ತಕ್ಕೆ ಲೈನ್ ಕ್ಲಿಯರ್ ತೆಗೆದುಕೊಂಡರು. ಹನ್ನೆರಡಕ್ಕೆ ಮಂಜಣ್ಣನ ಫೋನು. ನಂಬರು ಸರಿಯಿತ್ತು. ಒಂದಾದ ಮೇಲೊಂದು ದನಿ ಬಂತು. ಮಂಜಣ್ಣ ನೆಲ. ಇಬ್ಬರು ಲೈನ್‌ಮನ್‌ಗಳು ನೆಲ, ನೆಲ. ರಫೀಕ್ ನೆಲ.

“ಸಾಹೇಬ್ರು?” ಎಂದೆ.

“ಮೇಲಿನ್ ಗುಡ್ಡದ್ ಕಂಬ ನೋಡ್ಕಂಡು ಹಂಗೇ ರೋಡಿಗೆ ಬತ್ತೀನಿ ಅಂತ ಹೋಗವ್ರೆ. ಬಂದಿರ್ಬೇಕು, ಆದ್ರೆ ಕಾಣ್ತಿಲ್ಲ. ಅವ್ರುದು ಬರೋವರ್ಗೂ ಬುಡ್ಬೇಡಿ ಮೇಡಂ. ನಾವು ಹುಡುಕ್ಕಂಡ್ ಹೋಗ್ತೀವಿ.”

ಗುಡ್ಡದ ಮೇಲೆ ಸಿಗ್ನಲ್ ಸಿಗುತ್ತಿತ್ತು, ನಾನು ಸಾಹೇಬರ ಮೊಬೈಲಿಗೆ ಮಾಡಿದೆ. ರಿಂಗ್ ಆಗುತ್ತಿತ್ತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ. ನಡುವೆ ಇನ್ನೊಂದು ಫೋನಿನಲ್ಲಿ ಎಸ್ಟೇಟಿನವರು. ಐದು ನಿಮಿಷ, ಹತ್ತು ನಿಮಿಷ... ಅಷ್ಟರಲ್ಲಿ ಅಂಗಳಕ್ಕೆ ಕಾರು ಬಂದು ನಿಂತಿತು. ದೊಡ್ಡ ಸಾಹೇಬರೇ ಬಂದಿದ್ದರು. ಬೇರೆ ಕೆಲಸಕ್ಕೆ ಹೊರಟವರಿಗೆ ದಾರಿಯಲ್ಲೇ ಮೇಲಿನವರ ಫೋನು ಬಂದಿರಬೇಕು, ಮುಖ ಗಂಟಾಗಿತ್ತು.

“ಕೆಲಸ ಮುಗಿದಿದೆಯಂತೆ. ಯಾಕೆ ಲೈನ್ ಚಾರ್ಜ್ ಮಾಡಿ ಕರೆಂಟ್ ಬಿಟ್ಟಿಲ್ಲ?”

“ಐದಕ್ಕೆ ನಾಲ್ಕು ಆಗಿದೆ ಸರ್.”

“ಏನು ನಾಲ್ಕು?”

“ನೆಲ ಸರ್.”

ಅವರು ನನ್ನನ್ನು ತಲೆ ಕೆಟ್ಟವಳ ಹಾಗೆ ನೋಡಿದರು. ವಿವರಿಸಿದೆ. ನಂಬರು ಬಂದಿದೆಯೋ ಇಲ್ಲವೋ ಎಂದರು. ಬಂದಿದೆ ಎಂದೆ. ಮತ್ತೆ ನಿಯಮದ ಪ್ರಕಾರ ಮುಗಿಯಿತಲ್ಲ, ಈ ನೆಲ ಗಿಲ ಯಾವ ಪುಸ್ತಕದಲ್ಲಿದೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಯಾವ ಪುಸ್ತಕದಲ್ಲೂ ಇರಲಿಲ್ಲ. “ಜೆಇ ಜೀಪ್ ಕಡೆ ಬರ್ತಿರ್ತಾರೆ. ನಾನು ಬರೆದುಕೊಡ್ತೀನಿ. ಜವಾಬ್ದಾರಿ ನಂದು. ಚಾರ್ಜ್ ಮಾಡಿ.”

 ಕೈಗಳಿಗೆ ಏನಾದರೂ ಕೆಲಸ ಬೇಕಾಗಿತ್ತು, ಮೇಜಿನ ಮೇಲೆ ಬೆಳಿಗ್ಗೆ ಸಾಹೇಬರು ಪೌಡರ್ ಹಾಕಿಟ್ಟಿದ್ದ ನನ್ನ ಗ್ಲೌಸನ್ನು ಎರಡೂ ಕೈಗೆ ಏರಿಸಿಕೊಂಡೆ. ಚಾರ್ಜ್ ಮಾಡಲೆಂದೇ ಹಾಕಿಕೊಂಡೆ ಎಂದು ಅವರು ತಿಳಿದಿರಬೇಕು, ಬರೆದುಕೊಡಲು ಜೇಬಿನಿಂದ ಪೆನ್ನು ತೆಗೆದರು. ನಾನು ಪ್ಯಾನೆಲ್ಲಿಗೆ ಬೆನ್ನು ಕೊಟ್ಟು ನಿಂತೆ.

“ಬರೆದುಕೊಟ್ಟರೆ ಮೆಮೊ ನಿಮಗೆ ಬರುತ್ತೆ ಸರ್. ಸತ್ತರೆ ಅವರು ಸಾಯ್ತಾರೆ.”

ಇಂಥ ಮಾತಾಡಿದವಳು ನಾನೇನಾ ಎಂದು ಈಗಲೂ ಅನ್ನಿಸುತ್ತದೆ. ಸಸ್ಪೆಂಡ್ ಮಾಡುತ್ತೇನೆ ಎಂದರು. ಮಾಡಿ ಎಂದೆ. ಅವರ ಫೋನು ಹೊಡೆದುಕೊಳ್ಳುತ್ತಿತ್ತು, ಮೇಜಿನ ಫೋನು ಹೊಡೆದುಕೊಳ್ಳುತ್ತಿತ್ತು. ನಾನು ಒಂದು ಗ್ಲೌಸ್ ಕಳಚಿ ಮೊಬೈಲ್ ಒತ್ತುವುದು, ಮತ್ತೆ ಹಾಕಿಕೊಳ್ಳುವುದು. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಗೋಡೆಯ ಗಡಿಯಾರದ ಮುಳ್ಳು ಅಂಟಿಕೊಂಡು ಹೋಗಿತ್ತು. ಮಾಡಿದ ತಪ್ಪಿನ ಭಯಕ್ಕೆ ಹೀಗೆ ಹಟ ಹಿಡಿದಿದ್ದೇನೋ, ಅಥವಾ ನಿಜವಾಗಿಯೂ ಇದು ಸರಿಯೋ ಎಂದು ನನಗೆ ಗೊತ್ತಾಗಲಿಲ್ಲ. ಒಂದು ವೇಳೆ ಅವರು ಯಾವುದೋ ಚಹಾದಂಗಡಿಯಲ್ಲಿ ಕೂತಿದ್ದರೆ? ಕೂತಿದ್ದರೆ ಕೂತಿರಲಿ ಎಂದುಕೊಂಡೆ.

ಮುಕ್ಕಾಲು ಗಂಟೆ ಕಳೆದ ಮೇಲೆ ನನ್ನ ಮೊಬೈಲ್ ಹೊಡೆದುಕೊಂಡಿತು. ಅವರದ್ದೇ ನಂಬರು. ಏದುಸಿರು. ತಮ್ಮ ಹೆಸರು, ಆಮೇಲೆ ಒಂದೇ ಮಾತು.

“ನೆಲ.”

ಗ್ಲೌಸ್ ತೆಗೆದೆ. ಬೆವರಿಗೆ ಪೌಡರು ಕಲಸಿ ಅಂಗೈ ತುಂಬ ಹಿಟ್ಟಾಗಿತ್ತು. ಬ್ರೇಕರ್ ಹಾಕಿದೆ, ನಿಂತಿತು. ದೊಡ್ಡ ಸಾಹೇಬರು ಕಾರು ಹತ್ತಿ ಹೊರಟುಹೋದರು. ನಾನು ಫೋನಿನಲ್ಲೇ ಸಾಹೇಬರಿಗೆ ಬೈದೆ, ಅಳುತ್ತ ಬೈದೆ. ಎಲ್ಲಿ ಹೋಗಿದ್ದಿರಿ, ಯಾಕೆ ಎತ್ತಲಿಲ್ಲ, ಮನುಷ್ಯರಾ ನೀವು ಎಂದೆಲ್ಲ.

ಅವರು ಕಂಬದ ಮೇಲಿದ್ದರು. ಮೇಲಿನ ಗುಡ್ಡದಲ್ಲಿ ಜೋಡಣೆಯೊಂದು ಬಿಟ್ಟು ತಂತಿ ಜೋತಾಡುತ್ತಿತ್ತಂತೆ, ಅದರ ಕೆಳಗೇ ಹೆಣ್ಣಾಳುಗಳು ಕಳೆ ಕೀಳುವ ದಾರಿ. ಜನ ಕರೆಯಲು ಹೋದರೆ ತಡವಾಗುತ್ತದೆಂದು, ಐವತ್ತು ದಾಟಿದ ಮನುಷ್ಯ, ಒಬ್ಬರೇ ಹತ್ತಿಬಿಟ್ಟಿದ್ದರು. ಸರಪಳಿ ಕೆಳಗೆ ಗ್ಯಾಂಗಿನ ಹತ್ತಿರ ಉಳಿದಿತ್ತು. ಮೊಬೈಲ್ ಕಾಫಿ ಗಿಡದ ಮೇಲೆ ಬಿಚ್ಚಿಟ್ಟ ಷರ್ಟಿನ ಜೇಬಿನಲ್ಲಿ. ಒಬ್ಬರೇ ಹತ್ತಬಾರದೆಂದು ಎಲ್ಲರಿಗೂ ಹೇಳುತ್ತಿದ್ದವರು ಅವರೇ. ಅದನ್ನೂ ಅವರು ಆಮೇಲೆ ತಮ್ಮ ತಪ್ಪೆಂದು ತಮ್ಮ ಕೈಯಾರೆ ಬರೆದರು.

ನನ್ನ ಬೈಗುಳ ಮುಗಿಯುವವರೆಗೆ ಕಾದು ಹೇಳಿದರು. “ಎರಡು ಕೈಯೂ ತಂತಿ ಮೇಲಿತ್ತು ಕಣಮ್ಮ. ಕೆಳ್ಗೆ ಫೋನು ಹೊಡ್ಕಂತಾನೇ ಇತ್ತು. ಅದು ಹೊಡ್ಕಳೋವರ್ಗೂ ನಂಗೆ ಧೈರ್ಯವಾಗಿತ್ತು. ನೀನಿನ್ನೂ ಕಾಯ್ತಾ ಇದ್ದೀಯ ಅಂತ. ಅದು ನಿಂತಿದ್ರೆ ಭಯ ಆಗೋದು.”

ನನ್ನನ್ನು ಸಸ್ಪೆಂಡ್ ಮಾಡಲಿಲ್ಲ. ಎರಡು ತಿಂಗಳಲ್ಲಿ ಸಾಹೇಬರಿಗೆ ದೂರದ ಬಯಲುಸೀಮೆಗೆ ವರ್ಗವಾಯಿತು. ಯಾಕೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹೋಗುವ ದಿನ ಬೆಳಿಗ್ಗೆಯೂ ಎಲ್ಲರ ಗ್ಲೌಸನ್ನು ಕೆನ್ನೆಗೆ ಹಿಡಿದು ನೋಡಿದರು. ಪೌಡರಿನ ಡಬ್ಬಿಯನ್ನು ಮಂಜಣ್ಣನ ಕೈಗೆ ಕೊಟ್ಟರು. ಮಂಜಣ್ಣ ಅವತ್ತು ಗೇಲಿ ಮಾಡಲಿಲ್ಲ. ಜೀಪಿನ ಮುಂದಿನ ಸೀಟಿಗೆ ಬಲವಂತ ಮಾಡಿ ಸಾಹೇಬರನ್ನೇ ಕೂರಿಸಿ, ತಾವು ಉದ್ದ ಕಾಲು ಮಡಚಿಕೊಂಡು ಹಿಂದೆ ಕೂತು ಬಾಳ್ಳುಪೇಟೆಯ ಬಸ್ಸಿನವರೆಗೆ ಹೋಗಿ ಬಂದರು.

ಆಮೇಲೆ ಫೋನಿನಲ್ಲಿ ಮಾತು, ಹಬ್ಬಕ್ಕೊಂದು ಸಲ. ಆಮೇಲೆ ಅದೂ ಕಡಿಮೆ... ನಿವೃತ್ತರಾಗಿ ಆಲೂರು ಕಡೆಯ ತಮ್ಮ ಹಳ್ಳಿಗೆ ಬಂದಿದ್ದಾರೆ, ಮೈ ಸರಿಯಿಲ್ಲ ಎಂದು ಕೇಳಿದ್ದೆ. ಹೋಗಿ ನೋಡಬೇಕು ಎಂದುಕೊಳ್ಳುತ್ತಲೇ ಇದ್ದೆ. ಎರಡು ಬಸ್ಸಿನ ದೂರ, ಅಷ್ಟೆ. ಹೋಗಲಿಲ್ಲ. ಇದಕ್ಕೆ ನನ್ನ ಹತ್ತಿರ ಯಾವ ಸಬೂಬೂ ಇಲ್ಲ.

ಅವರು ತೀರಿಹೋದ ದಿನ ನಾನು ಶಿಫ್ಟಿನಲ್ಲಿದ್ದೆ. ನನ್ನ ಬದಲಿಗೆ ಬರುವವರು ರಜೆ, ಕಂಟ್ರೋಲ್ ರೂಮ್ ಖಾಲಿ ಬಿಟ್ಟು ಹೋಗುವಂತಿಲ್ಲ. ಮಂಜಣ್ಣ, ರಫೀಕ್, ಉಳಿದಿಬ್ಬರು ಹೋಗಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಮಂಜಣ್ಣನ ಫೋನ್ ಬಂತು. ಹಿಂದೆ ಜನರ ಗುಜುಗುಜು, ಗುದ್ದಲಿಯ ಸದ್ದು.

“ಮೇಡಂ... ಮಣ್ಣು ಮಾಡುದ್ವಿ.”  ಆಮೇಲೆ, “ಸಾಹೇಬ್ರುದು ನೆಲ, ಮೇಡಂ.”

ನಾನು ಫೋನ್ ಹಿಡಿದೇ ನಿಂತೆ. ಹೂಂ ಅನ್ನಲಾಗಲಿಲ್ಲ. ಒಬ್ಬರ ನೆಲ ಇನ್ನೊಬ್ಬರು ಹೇಳಿದರೆ ಒಪ್ಪುವುದಿಲ್ಲ ಎಂದು ಹಲಸಿನ ಮರದ ಕೆಳಗೆ ಹೇಳಿದವಳು ನಾನೇ. ಆ ನಿಯಮ ನನ್ನದು. ಮಂಜಣ್ಣನಿಗೂ ಅದು ನೆನಪಾಗಿರಬೇಕು, ಮತ್ತೆ ಹೇಳಲಿಲ್ಲ. ಇಬ್ಬರೂ ಹಾಗೇ ಸ್ವಲ್ಪ ಹೊತ್ತು ಅತ್ತು ಫೋನ್ ಇಟ್ಟೆವು.

ಬೀರುವಿನಲ್ಲಿ ಸಿಕ್ಕ ಗ್ಲೌಸನ್ನು ಗುಜರಿಗೆ ಹಾಕಲಿಲ್ಲ. ಒಡೆದ ರಬ್ಬರು, ಯಾವ ಕೆಲಸಕ್ಕೂ ಬಾರದು. ನನ್ನ ಮೇಜಿನ ಡ್ರಾಯರಿನಲ್ಲಿದೆ. ಈಗ ಲೈನ್ ಕ್ಲಿಯರ್ ಹಿಂದಿರುಗಿಸಲು ಮೊಬೈಲಿಗೆ ಓಟಿಪಿ ಬರುತ್ತದೆ, ಮೋಸ ತಪ್ಪು ಎರಡಕ್ಕೂ ಜಾಗ ಕಡಿಮೆ. ಒಳ್ಳೆಯದೇ. ಮಂಜಣ್ಣ ನಿವೃತ್ತರಾದರು, ರಫೀಕ್ ಸ್ವಂತ ಜೀಪ್ ತೆಗೆದುಕೊಂಡ. ಗ್ಯಾಂಗಿನಲ್ಲಿ ಈಗಿರುವ ನಾಲ್ವರೂ ಹೊಸಬರು. ಆದರೂ ಓಟಿಪಿ ಕಳಿಸಿದ ಮೇಲೆ ಫೋನ್ ಮಾಡಿ ಒಬ್ಬೊಬ್ಬರೇ ‘ನೆಲ’ ಅನ್ನುತ್ತಾರೆ. ಹಿಂದಿನವರಿಂದ ಕಲಿತದ್ದು. ಆ ಮಾತು ಯಾವ ಮರದ ಕೆಳಗೆ ಹುಟ್ಟಿತೆಂದು ಅವರಿಗೆ ಗೊತ್ತಿಲ್ಲ.

ಮೊನ್ನೆ ಮೂರನೇ ಫೀಡರಿನಲ್ಲಿ ಕೆಲಸವಿತ್ತು. ಈಗಿನ ಜೆಇ ನನ್ನ ಪಕ್ಕದಲ್ಲೇ ನಿಂತಿದ್ದರು. ಒಳ್ಳೆಯ ಮನುಷ್ಯ, ಸ್ವಲ್ಪ ಅವಸರ. ಓಟಿಪಿ ಬಂತು. ನೆಲ, ನೆಲ, ನೆಲ, ನೆಲ. ನಾಲ್ಕೂ ದನಿ ಬಂದವು. ಸ್ವಿಚ್ಚಿನ ಮೇಲೆ ಕೈಯಿಟ್ಟು ಎಂದಿನಂತೆ ಒಂದು ಉಸಿರಿನಷ್ಟು ಹೊತ್ತು ನಿಂತೆ.

“ನಾಲ್ಕೂ ಆಯ್ತಲ್ಲ ಮೇಡಂ, ಇನ್ನೇನು?” ಎಂದರು ಅವರು.

“ಇನ್ನೊಬ್ರುದು ಬಾಕಿ ಐತೆ ಸರ್,” ಎಂದೆ.

ಅವರು ರಿಜಿಸ್ಟರ್ ಎಳೆದುಕೊಂಡು ಹೆಸರುಗಳನ್ನು ಎಣಿಸಿದರು. ನಾಲ್ಕೇ ಇದ್ದವು. ನಾನು ಬ್ರೇಕರ್ ಹಾಕಿದೆ.